ಡ್ರಿಪ್ ಹಾಕಿದರೆ ಮುಗಿಯಿತೇ? ಮಗುವಿನ ಕೈ ನೋಡುವವರು ಯಾರು?

ಮಗುವಿಗೆ ವಾಂತಿ-ಭೇದಿ ಹೆಚ್ಚಾದರೆ ನಮ್ಮ ಕಡೆ ಎಲ್ಲರದ್ದೂ ಒಂದೇ ಮಾತು: 'ಒಂದು ಡ್ರಿಪ್ ಹಾಕಿಸಿಬಿಡಿ.' ಹಾಕಿದ ಮೇಲೆ ಆ ಕೈಯನ್ನು ಯಾರು ನೋಡಿಕೊಳ್ಳಬೇಕು ಎಂದು ಕೇಳುವವರು ಕಡಿಮೆ.

ವರದಿಗೆಂದು ಒಂದು ಆಸ್ಪತ್ರೆಗೆ ಹೋದಾಗ ಎರಡು ವರ್ಷದ ಮಗುವಿನ ಕೈ ಬನ್ನಿನಂತೆ ಊದಿದ್ದನ್ನು ನಾವು ಕಂಡೆವು. 'ಸೂಜಿ ಚುಚ್ಚವ್ರಲ್ಲ, ಹಂಗೇ ಇರ್ತದೆ ಅಂದ್ಕಂಡೆ' ಎಂದರು ತಾಯಿ. ರಾತ್ರಿಪಾಳಿಯಲ್ಲಿ ಇಡೀ ವಾರ್ಡಿಗೆ ಇದ್ದದ್ದು ಒಬ್ಬರೇ ಸಿಸ್ಟರ್. ತಪ್ಪು ಅವರೊಬ್ಬರದು ಎನ್ನಲು ನಮಗೆ ಮನಸ್ಸಿಲ್ಲ.

ಚುಚ್ಚಿದ ಸೂಜಿಯನ್ನು ಆಗಲೇ ತೆಗೆದಿರುತ್ತಾರೆ. ಕೈಯಲ್ಲಿ ಉಳಿಯುವುದು ತೆಳುವಾದ ಪ್ಲಾಸ್ಟಿಕ್ ನಳಿಕೆ, ಅದೇ ಕ್ಯಾನುಲಾ. ಮಕ್ಕಳ ರಕ್ತನಾಳ ಸಣ್ಣದು. ಮಗು ಕೈ ಒದರಿದರೆ ನಳಿಕೆ ಜರುಗಿ ದ್ರವ ಚರ್ಮದಡಿಗೆ ಹೋಗುತ್ತದೆ. ಕೆಲವು ಔಷಧಿಗಳು ಹಾಗೆ ಸೋರಿದರೆ ಚರ್ಮವೇ ಸುಟ್ಟಂತಾಗುತ್ತದೆ. ಮಾತು ಬಾರದ ಮಗು ಅಳುತ್ತದೆ ಅಷ್ಟೇ.

ಅದಕ್ಕೇ ಡ್ರಿಪ್ ಹೋಗುತ್ತಿರುವಾಗ ಗಂಟೆಗೊಮ್ಮೆ ಆ ಜಾಗ ನೋಡಬೇಕು. ಪಟ್ಟಿ ಕಟ್ಟಿದರೂ ಬೆರಳ ತುದಿ ಕಾಣಬೇಕು. ಔಷಧಿ ಕೊಡುವ ಮೊದಲು ಕೈ ತೊಳೆದು, ಮುಚ್ಚಳದ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ ಆರಲು ಬಿಡಬೇಕು. ಬೇಡವಾದ ದಿನವೇ ಕ್ಯಾನುಲಾ ತೆಗೆಯಬೇಕು.

ಇದೆಲ್ಲ ನರ್ಸಿಂಗ್ ಪಾಠದಲ್ಲಿದೆ. ಆದರೆ ಹೆರಿಗೆ ವಾರ್ಡಿನಲ್ಲಿದ್ದವರನ್ನು ನಾಳೆ ಮಕ್ಕಳ ವಾರ್ಡಿಗೆ ಹಾಕಿದರೆ, ದೊಡ್ಡವರ ಕೈಯಲ್ಲಿ ಕಲಿತ ಕೆಲಸ ಎಳೆಗೂಸಿನ ಕೈಗೆ ಸಾಲದು.

ಮೈಸೂರಿನ ಚೆಲುವಾಂಬ ಆಸ್ಪತ್ರೆಯಲ್ಲಿ ಮಕ್ಕಳನ್ನೇ ನೋಡಿ ನುರಿತ ಸಿಸ್ಟರ್‌ಗಳಿದ್ದಾರೆ. ಪಿರಿಯಾಪಟ್ಟಣದಿಂದ ಅಲ್ಲಿಗೆ ಸುಮಾರು 70 ಕಿ.ಮೀ. ಇಲ್ಲಿನವರನ್ನು ಅಲ್ಲಿಗೆ ಕಳಿಸಿದರೆ ಇಲ್ಲಿನ ವಾರ್ಡ್ ಬರಿದಾಗುತ್ತದೆ. ಹಾಗಾಗಿ ಕಲಿಸುವವರೇ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗೆ ಬರಲಿ. ಆರು ತಿಂಗಳಿಗೊಮ್ಮೆ ಅರ್ಧ ದಿನ ಸಾಕು. ಭಾಷಣ ಬೇಡ, ಬೊಂಬೆಯ ಕೈ ಮೇಲೆ ಅಭ್ಯಾಸ ಆಗಲಿ. ಗುತ್ತಿಗೆ ನರ್ಸ್‌ಗಳನ್ನೂ ರಾತ್ರಿಪಾಳಿಯವರನ್ನೂ ಬಿಡಬಾರದು. ಜತೆಗೆ ಖಾಲಿ ಹುದ್ದೆ ತುಂಬಬೇಕು. ಒಬ್ಬರೇ ಇದ್ದರೆ ಎಷ್ಟು ಕಲಿತರೂ ಗಂಟೆಗೊಮ್ಮೆ ಎಲ್ಲ ಮಕ್ಕಳ ಕೈ ನೋಡಲಾಗದು.

ಅಲ್ಲಿಯವರೆಗೆ ನಾವೂ ಕಣ್ಣಿಡೋಣ. ಊತ, ಕೆಂಪು, ತಣ್ಣನೆಯ ಚರ್ಮ, ಮುಟ್ಟಿದರೆ ಅಳು: ಇದರಲ್ಲಿ ಒಂದು ಕಂಡರೂ ನೀವೇ ಕೀಳಬೇಡಿ, ಕೂಡಲೇ ಸಿಸ್ಟರ್‌ನ ಕರೆಯಿರಿ. 'ಇದು ಇನ್ನೂ ಬೇಕಾ ಸಿಸ್ಟರ್?' ಎಂದು ದಿನಕ್ಕೊಮ್ಮೆ ಕೇಳಿ. ಕೇಳಿದರೆ ಬೈತಾರೆ ಅಂತ ಅಂಜಬೇಡಿ. ಕೈ ನಮ್ಮ ಮಗುವಿನದು.