ಸತ್ತ ಸೈನಿಕ ಪ್ರಶ್ನೆ ಕೇಳುವುದಿಲ್ಲ

ರಷ್ಯಾದ ವಾಯವ್ಯ ತುದಿಯಲ್ಲಿ, ಆರ್ಕ್‌ಟಿಕ್ ವೃತ್ತದಿಂದಾಚೆ, ಮುರ್ಮಾನ್ಸ್ಕ್ ಎಂಬ ಬಂದರು ನಗರವಿದೆ. ಚಳಿಗಾಲದಲ್ಲಿ ಸುಮಾರು ನಲವತ್ತು ದಿನ ಅಲ್ಲಿ ಸೂರ್ಯ ಮೂಡುವುದಿಲ್ಲ. ಆದರೆ ಅಲ್ಲಿನ ಬಂದರು ಹೆಪ್ಪುಗಟ್ಟುವುದೂ ಇಲ್ಲ. ಊರಿನ ನೆತ್ತಿಯ ಮೇಲಿನ ಗುಡ್ಡದಲ್ಲಿ ಕಾಂಕ್ರೀಟಿನ ಸೈನಿಕನೊಬ್ಬ ನಿಂತಿದ್ದಾನೆ. ಪೀಠವೂ ಸೇರಿ ಎತ್ತರ 42 ಮೀಟರಿಗೂ ಹೆಚ್ಚು. 1974ರಲ್ಲಿ ಅನಾವರಣಗೊಂಡ ಈ ಸ್ಮಾರಕಕ್ಕೆ ಉದ್ದನೆಯ ಸರಕಾರಿ ಹೆಸರಿದೆ. ಊರಿನ ಜನ ಮಾತ್ರ ಅವನನ್ನು ಮನೆಮಗನಂತೆ 'ಅಲ್ಯೋಶ' ಎಂದೇ ಕರೆಯುತ್ತಾರೆ. ಹೆಗಲಲ್ಲಿ ಬಂದೂಕು, ಬಳಿಯಲ್ಲಿ ಆರದ ಜ್ವಾಲೆ, ಮುಖ ಪಶ್ಚಿಮಕ್ಕೆ. ವೈರಿ ಬಂದದ್ದು ಆ ದಿಕ್ಕಿನಿಂದ.

ಈ ಗೌರವ ಪುಕ್ಕಟೆಯಾಗಿ ಬಂದದ್ದಲ್ಲ. 1941ರ ಜೂನ್ ಕೊನೆಗೆ ಹಿಟ್ಲರನ ಪರ್ವತ ಪಡೆಗಳು ಮುರ್ಮಾನ್ಸ್ಕ್ ಹಿಡಿಯಲು ಹೊರಟವು. ಜಾಪದ್ನಾಯ ಲಿತ್ಸಾ ನದಿಯ ಬಳಿ ಅವುಗಳನ್ನು ತಡೆಯಲಾಯಿತು. ಮೂರು ವರ್ಷ ಕಳೆದರೂ ಅವು ನಗರ ಮುಟ್ಟಲಿಲ್ಲ. 1942ರಲ್ಲಿ ಬಾಂಬುಗಳಿಗೆ ಮರದ ಮನೆಗಳ ಊರು ಸುಟ್ಟುಹೋದರೂ ಬಂದರು ನಿಲ್ಲಲಿಲ್ಲ. ಮಿತ್ರರಾಷ್ಟ್ರಗಳ ಹಡಗುಗಳು ಸಾಮಗ್ರಿ ತಂದು ಇಳಿಸುತ್ತಲೇ ಇದ್ದವು. ಅಲ್ಲಿ ಸತ್ತವರಿಗೆ ತಲೆಬಾಗದಿರುವುದು ಕೃತಘ್ನತೆ. ನನ್ನ ತಕರಾರು ಅಲ್ಯೋಶನ ಮೇಲಲ್ಲ, ಅವನ ಹೆಸರಿನಲ್ಲಿ ಮಾತಾಡುವವರ ಮೇಲೆ.

ಪ್ರಭುತ್ವಗಳಿಗೆ ಸತ್ತ ಸೈನಿಕನೆಂದರೆ ಬಲು ಪ್ರೀತಿ. ಅವನು ಸಂಬಳ ಕೇಳುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ. ಬದುಕಿರುವ ಸೈನಿಕ ಮತ್ತು ಅವನ ಮನೆಯವರನ್ನು ನಡೆಸಿಕೊಳ್ಳುವ ರೀತಿಯೇ ಬೇರೆ.

ಅಮೆತ್ ಖಾನ್ ಸುಲ್ತಾನ್ ಎಂಬ ಯುದ್ಧ ವಿಮಾನದ ಚಾಲಕನಿದ್ದ. 'ಸೋವಿಯತ್ ಒಕ್ಕೂಟದ ವೀರ' ಎಂಬ ಅತ್ಯುನ್ನತ ಗೌರವ ಅವನಿಗೆ ಎರಡು ಬಾರಿ ಸಂದಿದೆ. ಅವನ ತಾಯಿ ಕ್ರಿಮಿಯಾದ ತಾತಾರ್ ಮುಸ್ಲಿಮರವಳು. ಅವನು ಆಕಾಶದಲ್ಲಿ ಹೋರಾಡುತ್ತಿದ್ದ ಕಾಲದಲ್ಲೇ, 1944ರ ಮೇ 18ರಂದು, ಆ ಸಮುದಾಯದ ಮನೆಬಾಗಿಲುಗಳನ್ನು ಬಡಿದು ಎಬ್ಬಿಸಿ ಜನರನ್ನು ರೈಲುಗಳಿಗೆ ತುಂಬಲಾಯಿತು. ಸುಮಾರು 1.9 ಲಕ್ಷ ಮಂದಿಯನ್ನು ಮಧ್ಯ ಏಷ್ಯಾ ಮತ್ತಿತರ ಕಡೆಗಳಿಗೆ ಗಡೀಪಾರು ಮಾಡಲಾಯಿತು. ಆರೋಪ: ಇಡೀ ಸಮುದಾಯವೇ ದೇಶದ್ರೋಹಿ. ಯುದ್ಧ ಗೆದ್ದು ಎದೆಯ ಮೇಲೆ ಪದಕ ತೊಟ್ಟು ಬಂದ ತಾತಾರ್ ಸೈನಿಕರೂ ಅದೇ ಗಡೀಪಾರಿಗೆ ಸೇರಬೇಕಾಯಿತು. ದೇಶಕ್ಕಾಗಿ ರಕ್ತ ಕೊಟ್ಟವನೂ ನಿಷ್ಠೆಯ ಪ್ರಮಾಣಪತ್ರ ತೋರಿಸಬೇಕಾದ ಈ ಸ್ಥಿತಿಯನ್ನು ಅರ್ಥ ಮಾಡಿಕೊಳ್ಳಲು ನಮ್ಮ ಓದುಗರಿಗೆ ಹೆಚ್ಚು ವಿವರಣೆ ಬೇಕಿಲ್ಲ.

ಅದು ಸ್ಟಾಲಿನ್ ಕಾಲದ ಮಾತು ಎನ್ನಬಹುದು. ಹಾಗಾದರೆ ಅಲ್ಯೋಶನ ಬಳಿಯಿಂದ ಕೆಳಗಿಳಿದು ಬನ್ನಿ. ಅದೇ ಊರಿನಲ್ಲಿ, ದೀಪಸ್ತಂಭದ ಆಕಾರದ ಸ್ಮಾರಕದ ಪಕ್ಕದಲ್ಲಿ, ಕರಿಯ ಕಬ್ಬಿಣದ ದೊಡ್ಡ ತುಂಡೊಂದಿದೆ. ಅದು 'ಕುರ್ಸ್ಕ್' ಜಲಾಂತರ್ಗಾಮಿಯ ಬೆನ್ನ ಮೇಲಿದ್ದ ಗೋಪುರದ ಭಾಗ. 2000ದ ಆಗಸ್ಟ್ 12ರಂದು ಬ್ಯಾರೆಂಟ್ಸ್ ಸಮುದ್ರದಲ್ಲಿ ಅದರೊಳಗಿನ ಟಾರ್ಪೆಡೊ ಸಿಡಿದು 118 ಮಂದಿ ಸತ್ತರು. 23 ಮಂದಿ ಹಿಂಬದಿಯ ಕೋಣೆಯಲ್ಲಿ ಕೆಲವು ಗಂಟೆ ಜೀವ ಹಿಡಿದಿದ್ದರೆಂಬುದು ಅಧಿಕಾರಿಯೊಬ್ಬ ಕತ್ತಲಲ್ಲಿ ಬರೆದಿಟ್ಟ ಚೀಟಿಯಿಂದ ತಿಳಿಯಿತು. ಹೊರಗೆ ನೌಕಾಪಡೆ ವಿದೇಶಿ ಜಲಾಂತರ್ಗಾಮಿಯ ಕತೆ ಹೇಳುತ್ತಿತ್ತು. ವಿದೇಶಿ ನೆರವನ್ನು ಒಪ್ಪಿಕೊಳ್ಳಲು ನಾಲ್ಕು ದಿನ ಬೇಕಾಯಿತು. ಮಂತ್ರಿಯ ಮುಂದೆ ಕಿರುಚಿ ಪ್ರಶ್ನಿಸಿದ ತಾಯಿಯೊಬ್ಬಳಿಗೆ ಕ್ಯಾಮೆರಾಗಳ ಎದುರೇ ಚುಚ್ಚುಮದ್ದು ಕೊಟ್ಟು ಹೊರಗೆ ಸಾಗಿಸಲಾಯಿತು. ಗಂಡನೇ ಕೇಳಿಕೊಂಡದ್ದೆಂದು ಆಮೇಲೆ ಹೇಳಲಾಯಿತು. ಇರಬಹುದು. ಆದರೆ ಅವಳ ಪ್ರಶ್ನೆಗೆ ಉತ್ತರ ಯಾರು ಕೊಟ್ಟರು? ಆ ಗೋಪುರವೂ ಗುಜರಿಯ ಪಾಲಾಗಿತ್ತು. ಅಲ್ಲಿಂದ ಎತ್ತಿ ತಂದು 2009ರಲ್ಲಿ ಸ್ಮಾರಕ ಮಾಡಿದರು.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದಾಗ ನಾಜಿಗಳ ವಿರುದ್ಧದ ಯುದ್ಧದ ನೆನಪನ್ನೇ ಸಮರ್ಥನೆಗೆ ಎಳೆದು ತಂದಿತು. ಆ ಯುದ್ಧದಲ್ಲಿ ಸತ್ತ ಸುಮಾರು 2.7 ಕೋಟಿ ಸೋವಿಯತ್ ಪ್ರಜೆಗಳಲ್ಲಿ ಉಕ್ರೇನಿಯನ್ನರು ಲಕ್ಷಾಂತರ ಮಂದಿ. ಅಜ್ಜಂದಿರ ತ್ಯಾಗದ ಹೆಸರಿನಲ್ಲಿ ಮೊಮ್ಮಕ್ಕಳನ್ನೇ ಕೊಲ್ಲುವುದು ಯಾವ ಗೌರವ? ಮರು ತಿಂಗಳೇ ಬಂದ ಕಾನೂನಿನ ಪ್ರಕಾರ, ಸೇನೆಯ ಬಗ್ಗೆ 'ಸುಳ್ಳು ಸುದ್ದಿ' ಹೇಳಿದರೆ 15 ವರ್ಷದವರೆಗೆ ಜೈಲು. ಯಾವುದು ಸುಳ್ಳೆಂದು ತೀರ್ಮಾನಿಸುವುದೂ ಪ್ರಭುತ್ವವೇ.

ಹುತಾತ್ಮರನ್ನು ನೆನೆಯುವುದೆಂದರೆ ಬಾಯಿ ಮುಚ್ಚಿ ನಿಲ್ಲುವುದೆಂದು ನಮಗೆ ಕಲಿಸಲಾಗಿದೆ. ಎರಡು ನಿಮಿಷದ ಮೌನ ಸತ್ತವರಿಗೆ ಸಲ್ಲಬೇಕಾದದ್ದೇ. ಆದರೆ ಅದನ್ನು ಎರಡು ತಲೆಮಾರಿನ ಮೌನವಾಗಿ ಎಳೆಯುವುದು ಕೊಂದವರಿಗೆ ಮಾಡುವ ಉಪಕಾರ. ಉತ್ತರದ ಬೆಳಕು ನೋಡಲು ಹೋದ ಪ್ರವಾಸಿಗರು ಅಲ್ಯೋಶನ ಕಾಲ ಬಳಿ ಫೋಟೋ ತೆಗೆಸಿಕೊಳ್ಳಲಿ, ಹೂವಿಡಲಿ. ಆಮೇಲೆ ಕೆಳಗಿಳಿದು ಆ ಕಬ್ಬಿಣದ ತುಂಡಿನ ಮುಂದೆಯೂ ನಿಲ್ಲಲಿ. ಗುಡ್ಡದ ಮೇಲಿನವನು ಯಾರನ್ನು ತಡೆದನೆಂಬುದು ಎಲ್ಲರಿಗೂ ಗೊತ್ತು. ಕೆಳಗಿನವರನ್ನು ಯಾರು ಕೈಬಿಟ್ಟರೆಂದು ಕೇಳುವವರು ಬೇಕಾಗಿದ್ದಾರೆ.