ಬಾಲಗಣಿತ: ನಾಲ್ಕು ಝರಿಗಳ ಬಾವಿ

ಆದಿಲಶಾಹೀ ಅರಸರ ಕಾಲದಲ್ಲಿ ನಮ್ಮ ತೊರವಿಯ ಕಡೆಯಿಂದ ನೆಲದೊಳಗಣ ಸುರಂಗದ ಮೂಲಕ ವಿಜಯಪುರಕ್ಕೆ ನೀರು ಹರಿಯುತ್ತಿದ್ದಿತು. ಇಂತಹ ಊರಿನ ಮಕ್ಕಳಿಗೆ ನೀರಿನ ಲೆಕ್ಕಕ್ಕಿಂತ ಹತ್ತಿರವಾದುದು ಯಾವುದು? ಭಾಸ್ಕರಾಚಾರ್ಯರು ಕ್ರಿ. ಶ. ೧೧೫೦ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಅಂತಹುದೊಂದು ಉಂಟು. ನಾಲ್ಕು ಝರಿಗಳನ್ನು ಬೇರೆಬೇರೆಯಾಗಿ ಬಿಟ್ಟರೆ ಬಾವಿಯು ಕ್ರಮವಾಗಿ ಒಂದು ದಿನ, ಅರ್ಧ ದಿನ, ದಿನದ ತೃತೀಯಾಂಶ, ಷಷ್ಠಾಂಶಗಳಲ್ಲಿ ತುಂಬುವುದು. ನಾಲ್ಕನ್ನೂ ಒಮ್ಮೆಗೇ ಬಿಟ್ಟರೆ?

ಭಿನ್ನರಾಶಿಯನ್ನು ಈಗತಾನೆ ಕಲಿತ ಮಗುವು ನಾಲ್ಕು ಕಾಲಗಳನ್ನೂ ಕೂಡಿಸಿ ‘ಎರಡು ದಿನ’ ಎಂದುಬಿಡುವುದು. ಕೂಡಿಕೆಯಲ್ಲಿ ತಪ್ಪಿಲ್ಲ, ತಾಯ್ತಂದೆಗಳು ಗದರಬಾರದು. ‘ಒಂದೇ ಝರಿ ಒಂದು ದಿನದಲ್ಲಿ ತುಂಬುವ ಬಾವಿಗೆ ನಾಲ್ಕೂ ಸೇರಿದರೆ ಎರಡು ದಿನವೇನಪ್ಪ?’ ಎಂದು ಕೇಳಿ ಸುಮ್ಮನಿರಬೇಕು. ಮಗುವು ತಾನಾಗಿಯೇ ನಗುವುದು. ಆ ನಗುವು ಸೂತ್ರದ ಕಂಠಪಾಠಕ್ಕಿಂತ ಮೇಲೆಂದು ನಮ್ಮ ಮತ. (ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲವೆಂಬುದು ಬೇರೆಯ ಮಾತು.) ಬಳಿಕ, ಒಂದು ದಿನದಲ್ಲಿ ಯಾವ ಝರಿಯು ಇಂತಹ ಎಷ್ಟು ಬಾವಿಗಳನ್ನು ತುಂಬೀತೆಂದು ಕೇಳಿರಿ. ಒಂದು, ಎರಡು, ಮೂರು, ಆರು, ಒಟ್ಟು ೧೨. ಆದುದರಿಂದ ಒಂದು ಬಾವಿಗೆ ದಿನದ ದ್ವಾದಶಾಂಶ, ಎಂದರೆ ೫ ಘಳಿಗೆ, ಈಗಿನ ೨ ತಾಸು.

ಈ ತಿಂಗಳ ಲೆಕ್ಕ: ಮನೆಯ ತೊಟ್ಟಿಯನ್ನು ನಳವು ೨ ತಾಸಿನಲ್ಲಿ ತುಂಬುವುದು, ತಳದ ಬಿರುಕು ತುಂಬಿದ ತೊಟ್ಟಿಯನ್ನು ೩ ತಾಸಿನಲ್ಲಿ ಬರಿದುಮಾಡುವುದು. ಎರಡೂ ಒಂದೇ ಹದದಲ್ಲಿ ಹರಿಯುವುವೆಂದು ತಿಳಿಯಿರಿ. ಬಿರುಕನ್ನು ಮುಚ್ಚದೆಯೇ ನಳವನ್ನು ಬಿಟ್ಟರೆ ಬರಿದಾದ ತೊಟ್ಟಿಯು ತುಂಬುವುದೆ? ತುಂಬುವುದಾದರೆ ಎಷ್ಟು ತಾಸಿಗೆ? ಉತ್ತರವು ಮುಂದಿನ ಸಂಚಿಕೆಯಲ್ಲಿ.