ಐವತ್ತರ ನಂತರ ಬೀಡಿ ಬಿಟ್ಟರೆ ಲಾಭವಿದೆಯೆ?

"ಐವತ್ತು ದಾಟಿತು, ಇನ್ನು ಬೀಡಿ ಬಿಟ್ಟು ಆಗಬೇಕಾದ್ದೇನು?" ಸದಸ್ಯ ಬಾಂಧವರಿಂದ ಪದೇ ಪದೇ ಕೇಳಿಬರುವ ಮಾತಿದು. ಗೊಬ್ಬರ ಹಾಕುವುದಕ್ಕೂ ಲಾಭ-ನಷ್ಟ ಲೆಕ್ಕ ಹಾಕುವವರು ನಾವು. ಈ ಪ್ರಶ್ನೆಗೂ ಲೆಕ್ಕದಿಂದಲೇ ಉತ್ತರ ಹುಡುಕುವುದು ಒಳ್ಳೆಯದು.

ಧೂಮಪಾನದ ಹಾನಿ ಅರೇಬಿಕಾ ಗಿಡಕ್ಕೆ ಬೀಳುವ ಬಿಳಿ ಕಾಂಡಕೊರಕದ ಹಾಗೆ. ಹುಳು ಒಳಗೆ ಸುರಂಗ ಕೊರೆಯುತ್ತಿದ್ದರೂ ಗಿಡ ಕೆಲಕಾಲ ಹಸಿರಾಗಿಯೇ ಇರುತ್ತದೆ. ಎಲೆ ಹಳದಿಯಾಗಿ ಜೋಲುವ ಹೊತ್ತಿಗೆ ಕಾಂಡ ಟೊಳ್ಳಾಗಿರುತ್ತದೆ. ಶ್ವಾಸಕೋಶದ ವಿಷಯವೂ ಅಷ್ಟೆ. ಇಪ್ಪತ್ತು ಮೂವತ್ತು ವರ್ಷ ಹೆಚ್ಚೇನೂ ಕಾಣುವುದಿಲ್ಲ. ಆಮೇಲೆ ಕಣಿವೆಯ ಅಡಿಕೆ ತೋಟದಿಂದ ಮೇಲಿನ ಕಾಫಿ ತೋಟಕ್ಕೆ ಹತ್ತುವಾಗ ನಡುವೆ ಎರಡು ಕಡೆ ನಿಲ್ಲಬೇಕಾಗುತ್ತದೆ. "ವಯಸ್ಸಾಯಿತು" ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಬೀಡಿ ಸೇದುವವರಲ್ಲಿ ಎಷ್ಟೋ ಸಲ ಅದು ವಯಸ್ಸಲ್ಲ, ಶ್ವಾಸಕೋಶದ ಸೂಕ್ಷ್ಮ ಗಾಳಿಚೀಲಗಳು ನಾಶವಾಗುತ್ತಿರುವ ಲಕ್ಷಣ. ಕಿತ್ತ ಗಿಡದ ಗುಂಡಿಯಲ್ಲಿ ಹೊಸ ಸಸಿ ನೆಡಬಹುದು. ನಾಶವಾದ ಗಾಳಿಚೀಲ ಮತ್ತೆ ಹುಟ್ಟದು.

ಬೀಡಿ ಸಿಗರೇಟಿಗಿಂತ ಹಗುರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆ ನಿಜ. ಆದರೆ ಅದು ಆರದಂತೆ ಮತ್ತೆ ಮತ್ತೆ ಎಳೆಯಬೇಕು, ಹೀಗಾಗಿ ಒಳಸೇರುವ ವಿಷ ಕಡಿಮೆಯಾಗುವುದಿಲ್ಲ. ನಮ್ಮ ದೇಶದಲ್ಲೇ ಸುಮಾರು 11 ಲಕ್ಷ ಮನೆಗಳನ್ನು ಒಳಗೊಂಡು ನಡೆದು, 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬೀಡಿ ಸೇದುವ ಗಂಡಸರು ಸರಾಸರಿ 6 ವರ್ಷ, ಸಿಗರೇಟು ಸೇದುವವರು 10 ವರ್ಷ ಆಯುಷ್ಯ ಕಳೆದುಕೊಳ್ಳುತ್ತಾರೆ.

ಈಗ ಲಾಭದ ಕಡೆ ನೋಡೋಣ. ಇಂಗ್ಲೆಂಡಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ವಿಜ್ಞಾನಿಗಳು 1951ರಲ್ಲಿ ಆ ದೇಶದ ವೈದ್ಯರ ಧೂಮಪಾನದ ಅಭ್ಯಾಸವನ್ನು ದಾಖಲಿಸಲು ಆರಂಭಿಸಿದರು. ಐವತ್ತು ವರ್ಷಗಳ ಫಲಿತಾಂಶ 2004ರಲ್ಲಿ ಹೊರಬಂತು. ಸಿಗರೇಟನ್ನು 40ರಲ್ಲಿ ಬಿಟ್ಟವರಿಗೆ ಸುಮಾರು 9 ವರ್ಷ, 50ರಲ್ಲಿ ಬಿಟ್ಟವರಿಗೆ 6 ವರ್ಷ, 60ರಲ್ಲಿ ಬಿಟ್ಟವರಿಗೂ 3 ವರ್ಷ ಆಯುಷ್ಯ ಉಳಿದಿತ್ತು. ಆರು ವರ್ಷವೆಂದರೆ ಇಂದು ನೆಟ್ಟ ಅಡಿಕೆ ಸಸಿ ಫಸಲಿಗೆ ಬರುವಷ್ಟು ಕಾಲ. ಹೋದ ಗಾಳಿಚೀಲ ಮರಳದಿದ್ದರೂ ಮುಂದಿನ ನಾಶದ ವೇಗ ತಗ್ಗುತ್ತದೆ. ಹೃದಯಾಘಾತದ ಭಯವಂತೂ ಒಂದೆರಡು ವರ್ಷಗಳಲ್ಲೇ ಗಣನೀಯವಾಗಿ ಇಳಿಯುತ್ತದೆ. ಏರು ಹತ್ತುವಾಗ ಏದುಸಿರು ಬರುವವರು ಆಸ್ಪತ್ರೆಯಲ್ಲಿ ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಮಾಡಿಸಿಕೊಳ್ಳಲಿ. ಬಿಡಲು ನೆರವು ಬೇಕಾದವರಿಗೆ 1800-11-2356 ಎಂಬ ಉಚಿತ ದೂರವಾಣಿ ಇದೆ.

ಇನ್ನೊಂದು ಮಾತನ್ನು ಹೇಳಲೇಬೇಕು. ಬಟವಾಡೆಯ ದಿನ ಕೂಲಿಯ ಜೊತೆಗೆ ಬೀಡಿಯ ಕಟ್ಟು ಕೊಡುವ ರೂಢಿ ಕೆಲವು ತೋಟಗಳಲ್ಲಿದೆ. ಕೊಡುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಕೈಗೆ ಕೊಡುತ್ತಿರುವುದು ರೋಗ. ಅದೇ ಹಣವನ್ನು ಕೂಲಿಗೆ ಸೇರಿಸಿದರೆ ಆಳಿನ ಮನೆಗಾದರೂ ತಲುಪೀತು. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧದ ನಿಯಮ 2008ರ ಅಕ್ಟೋಬರ್ 2ರಿಂದಲೇ ಜಾರಿಯಲ್ಲಿದೆ. ಸಂಘದ ಕಚೇರಿ, ಗೋದಾಮು, ಮಹಾಸಭೆಗಳಲ್ಲಿ ಅದನ್ನು ಪಾಲಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಕೊರಕ ಬಿದ್ದ ಗಿಡವನ್ನು ಗುರುತಿಸಲು ವರ್ಷಕ್ಕೆ ಎರಡು ಬಾರಿ ತೋಟವಿಡೀ ತಿರುಗುವ ನಾವು ನಮ್ಮ ಎದೆಗೂಡಿನ ಕಡೆಗೂ ಒಮ್ಮೆ ನೋಡಿಕೊಳ್ಳಬೇಕೆಂದು ಸದಸ್ಯರಲ್ಲಿ ನನ್ನ ವಿನಂತಿ.

— ಕಾರ್ಯದರ್ಶಿ